ಬರೆದವರು ಯಾರೆಂದು ತಿಳಿದಿಲ್ಲ

ನಾವು ಬಿಟ್ಟು ಬಂದ ಸಣ್ಣ ಊರಿನ ಬಾಟಲಿ ಕಾರ್ಖಾನೆ ಮುಚ್ಚಿ ಎಷ್ಟೋ ವರ್ಷಗಳಾದ ಮೇಲೆ, ಅದರ ಆಫೀಸು ಕಟ್ಟಡದಲ್ಲಿ ಊರಿನ ಚರಿತ್ರೆಯ ಮ್ಯೂಸಿಯಂ ತೆರೆದರು. ಸುದ್ದಿ ಕೇಳಿದ ದಿನದಿಂದ ದೊಡ್ಡಪ್ಪ ಒಂದೇ ಹಟ. "ಒಂಬತ್ತು ವರ್ಷ ಆ ಕುಲುಮೆ ಮುಂದೆ ಬೆಂದಿದ್ದೀನಿ ಕಣೆ ಪುಟ್ಟಿ. ಒಂದ್ಸಲ ಕರ್ಕೊಂಡು ಹೋಗು."

"ಹಳೇ ಸೀಸೆ ನೋಡೋಕೆ ಅಷ್ಟು ದೂರ ಯಾಕೆ ಭಾವ? ನಮ್ಮ ಅಟ್ಟದ ಮೇಲೇ ರಾಶಿ ಬಿದ್ದಿವೆ" ಎಂದು ನಕ್ಕರೂ ಅಮ್ಮ ಬುತ್ತಿ ಕಟ್ಟಿದಳು. ಅಪ್ಪ ಮಾತ್ರ ಬರುವುದಿಲ್ಲ ಎಂದರು. ದೊಡ್ಡಪ್ಪ ಬಿಡಬೇಕಲ್ಲ. "ನೀನಿಲ್ದೆ ನಾನು ಹೋಗ್ತೀನೇನೋ?" ಎಂದು ತಮ್ಮನ ತೋಳು ಹಿಡಿದು ಬಸ್ಸು ಹತ್ತಿಸಿದರು.

ಅಣ್ಣ ತಮ್ಮ ಇಬ್ಬರೂ ಅದೇ ಕಾರ್ಖಾನೆಯಲ್ಲಿದ್ದವರು. ನಾನು ಹುಟ್ಟುವ ಮೊದಲು ಅಲ್ಲೊಂದು ಮುಷ್ಕರವಾಯಿತು. ದೊಡ್ಡಪ್ಪನನ್ನೂ ಇನ್ನೂ ನಾಲ್ವರನ್ನೂ ಕೆಲಸದಿಂದ ಕಿತ್ತುಹಾಕಿದರು. ಬೇರೆ ಯಾವ ಕಾರ್ಖಾನೆಯೂ ಅವರನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ. ಮಾತಾಗಿದ್ದ ಮದುವೆ ಮುರಿಯಿತು. ಆಮೇಲೆ ಜೀವನವಿಡೀ ಫುಟ್‌ಪಾತಿನಲ್ಲಿ ಕೂತು ಕೊಡೆ, ಬ್ಯಾಗಿನ ಜಿಪ್ಪು ರಿಪೇರಿ ಮಾಡಿದರು. ಅಪ್ಪ ಅಲ್ಲೇ ಉಳಿದು ಮೇಸ್ತ್ರಿಯಾದರು.

ಒಳಗೆ ಮೂರೇ ಕೋಣೆ. ಮೊದಲನೆಯದರಲ್ಲಿ ತಕ್ಕಡಿ, ಬೀದಿ ದೀಪ, ಶಾಲೆಯ ಗಂಟೆ. ಎರಡನೆಯದರಲ್ಲಿ ಬಾಟಲಿಗಳು, ಊದುವ ಕೊಳವೆಗಳು. ಅಮ್ಮ ಕಾಲುನೋವೆಂದು ಅಲ್ಲೇ ಬೆಂಚಿನ ಮೇಲೆ ಕೂತಳು. ಮೂರನೆಯ ಕೋಣೆಯಲ್ಲಿ, ಮಾಲೀಕರ ಬೀರುವಿನಲ್ಲಿ ಸಿಕ್ಕಿದ ಕಾಗದಪತ್ರಗಳನ್ನು ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದರು.

ದೊಡ್ಡಪ್ಪನ ಕಣ್ಣಿಗೆ ಪೊರೆ. "ಏನಿದೆ, ಓದೇ" ಎಂದರು.

ಕೆಳಗಿನ ಚೀಟಿಯನ್ನು ಓದಿದೆ. "ಮುಷ್ಕರದ ಮುಂದಾಳುಗಳ ಹೆಸರು ತಿಳಿಸಿ ಕಾರ್ಮಿಕನೊಬ್ಬ ಮಾಲೀಕರಿಗೆ ಬರೆದ ಗುಟ್ಟಿನ ಪತ್ರ. ಬರೆದವರು ಯಾರೆಂದು ತಿಳಿದಿಲ್ಲ."

ಆಮೇಲೆ ಪತ್ರಕ್ಕೆ ಕಣ್ಣು ಹಾಯಿಸಿದೆ. 'ಕಾರ್ಖಾನೆ' ಅಲ್ಲ, 'ಕಾರ್ಕಾನೆ'. 'ಳ'ಕಾರದ ಬಾಲ ಕೆಳಗಿನ ಸಾಲನ್ನು ಮುಟ್ಟುವಷ್ಟು ಉದ್ದ. ಶಾಲೆಗೆ ನಾನು ಒಯ್ಯುತ್ತಿದ್ದ ರಜೆ ಚೀಟಿಗಳಲ್ಲಿದ್ದದ್ದು ಇದೇ ಬಾಲ. ಅದನ್ನೇ ನೋಡಿ ಬರೆಯಲು ಕಲಿತು ಮೇಷ್ಟ್ರಿಂದ ಬೈಸಿಕೊಂಡವಳು ನಾನು.

ತಿರುಗಿ ನೋಡಿದೆ. ಅಪ್ಪ ಕಿಟಕಿಯ ಸರಳು ಹಿಡಿದು ಹೊರಗೆ ನೋಡುತ್ತಿದ್ದರು.

"ಹೆಸರುಗಳನ್ನ ಓದು" ಎಂದರು ದೊಡ್ಡಪ್ಪ.

ಓದಿದೆ. ಎರಡನೆಯ ಹೆಸರು 'ಕುಲುಮೆಯ ಉದ್ದಣ್ಣ'. ಕಾರ್ಖಾನೆಯಲ್ಲಿ ದೊಡ್ಡಪ್ಪನನ್ನು ಎಲ್ಲರೂ ಹಾಗೇ ಕರೆಯುತ್ತಿದ್ದರಂತೆ.

ಅವರು ಗಾಜಿಗೆ ಮುಖ ಹತ್ತಿರ ತಂದರು. "ಅಕ್ಷರ ಹೆಂಗಿದೆ?"

"ಗೀಚಿದ ಹಾಗಿದೆ ದೊಡ್ಡಪ್ಪ. ಯಾರದು ಅಂತ ಗೊತ್ತಾಗಲ್ಲ."

"ಯಾವ ಮನೆಹಾಳನೋ" ಎಂದರು. ಆಮೇಲೆ, ಪಕ್ಕದ ಗೋಡೆಯ ಮೇಲಿದ್ದ ಮಾಲೀಕನ ದೊಡ್ಡ ಫೋಟೋ ತಡವಿದ ಬೆರಳಿಗೆ ಧೂಳು ಹತ್ತಿದ್ದೇ, ಇದ್ದಕ್ಕಿದ್ದಂತೆ ನಕ್ಕರು. "ನೋಡೋ ತಮ್ಮಾ, ಮಾಲೀಕನ ಫೋಟೋ ಗೋಡೆ ಮೇಲೆ ಧೂಳು ಹಿಡೀತಿದೆ, ನನ್ನ ಹೆಸರು ಗಾಜಿನೊಳಗಿದೆ! ಬಾ, ಇಬ್ಬರೂ ನಿಂತ್ಕೊಳ್ಳೋಣ. ಪುಟ್ಟಿ, ಒಂದು ಫೋಟೋ ತೆಗಿ."

ಅಪ್ಪ ಬಂದು ನಿಂತರು. ದೊಡ್ಡಪ್ಪ ಅವರ ಹೆಗಲ ಮೇಲೆ ಕೈ ಹಾಕಿದರು. ನಾನು ಮೊಬೈಲಿನಲ್ಲಿ ತೆಗೆದೆ.

ಅಮ್ಮ ದೊಡ್ಡಪ್ಪನನ್ನು ಊಟಕ್ಕೆ ಕರೆದುಕೊಂಡು ಹೋದ ಮೇಲೆ, ಅಂಗಳದ ನಲ್ಲಿಯಲ್ಲಿ ಕೈ ತೊಳೆಯುತ್ತಿದ್ದ ಅಪ್ಪನ ಪಕ್ಕ ನಿಂತೆ.

"ಯಾಕಪ್ಪಾ?"

ಯಾವುದರ ಬಗ್ಗೆ ಎಂದು ಅವರು ಕೇಳಲಿಲ್ಲ. "ಹೆಸರು ಕೊಟ್ರೆ ಮನೆಗೊಬ್ಬರನ್ನಾದ್ರೂ ಉಳಿಸ್ಕೋತೀವಿ ಅಂದ್ರು. ಇಬ್ಬರೂ ಬೀದಿಗೆ ಬಿದ್ದಿದ್ರೆ ಮನೆ ಗತಿ?"

"ಆ ಒಬ್ಬರು ನೀವೇ ಆಗ್ಬೇಕಿತ್ತಾ?"

ಅಪ್ಪ ನಲ್ಲಿ ನಿಲ್ಲಿಸಿದರು. "ಅವನಿಗೆ ಹೇಳ್ತೀಯಾ?"

"ನೀವೇ ಹೇಳಿ."

"ಈ ವಯಸ್ಸಲ್ಲಿ ಹೇಳಿ ಯಾರ ಹೊಟ್ಟೆ ತುಂಬಬೇಕು?" ಎಂದು ಪಂಚೆಯ ತುದಿಗೆ ಕೈ ಒರೆಸಿಕೊಂಡು ನಡೆದರು. ಅಣ್ಣನ ಪಕ್ಕದಲ್ಲೇ ಕೂತು ಉಂಡರು. ಇಬ್ಬರಿಗೂ ನಾನೇ ಬಡಿಸಿದೆ. ಬಾಯಿ ಬಿಡಲಿಲ್ಲ. ಅಪ್ಪನ ಆ ಸಂಬಳದಲ್ಲೇ ಓದಿ ಮೇಲೆ ಬಂದವಳು ನಾನು. ಯಾವ ಬಾಯಲ್ಲಿ ಹೇಳಲಿ?

ದೊಡ್ಡಪ್ಪ ಕೇಳಿ ಕೇಳಿ ಫೋಟೋ ಪ್ರಿಂಟ್ ಹಾಕಿಸಿಕೊಂಡರು. ಕಟ್ಟು ಹಾಕಿಸಿ ತಮ್ಮ ಒಂಟಿ ಕೋಣೆಯಲ್ಲಿ ಬಾಗಿಲಿಗೆ ಎದುರಾಗಿ ತೂಗುಹಾಕಿದ್ದಾರೆ. ಅಪ್ಪ ಆ ಕೋಣೆಗೆ ಹೋಗುವುದನ್ನೇ ಬಿಟ್ಟಿದ್ದಾರೆ. ಕೇಳಿದರೆ ಮೊಣಕಾಲು ನೋವು ಎನ್ನುತ್ತಾರೆ. ಹಾಗಾಗಿ ದೊಡ್ಡಪ್ಪನೇ ದಿನಾ ಸಂಜೆ ಗೋಡೆ ತಡವಿಕೊಂಡು ನಮ್ಮ ಮನೆಗೆ ಬರುತ್ತಾರೆ. ನೆಲದ ಮೇಲೆ ಕೂತು, ತಮ್ಮನ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಎಣ್ಣೆ ತಿಕ್ಕುತ್ತಾರೆ. ಎಣ್ಣೆ ಬಿಸಿ ಮಾಡಿ ಕೊಡುವವಳು ನಾನು.