ಫ್ಯಾನಿನ ಚೆಂದದ ಮುಖ

ಅಪ್ಪ ದರ್ಜಿ. ಬಟ್ಟೆಯ ಒಳಮುಖ ಯಾವುದು, ಹೊರಮುಖ ಯಾವುದು ಎಂದು ಕಣ್ಣು ಮುಚ್ಚಿ ಅಂಗೈ ಸವರಿಯೇ ಹೇಳುತ್ತಿದ್ದ ಮನುಷ್ಯ. ಮಗಳು ಕಾಲೇಜು ಓದುವಾಗ ಅಪ್ಪ ಮಗಳು ಸೇರಿ ಕಂಪ್ಯೂಟರ್ ಜೋಡಿಸಿದ್ದರು. ಬೋರ್ಡು, ಡಿಸ್ಕು ಎಲ್ಲ ಅವಳೇ ಕೂರಿಸಿದ್ದಳು. ಹಿಂಬದಿಯ ಫ್ಯಾನ್ ಮಾತ್ರ ಅಪ್ಪನ ಪಾಲು. ಅದರ ಸ್ಕ್ರೂಗಳೋ, ಹೊಲಿಗೆ ಮೆಷಿನ್ನಿನ ಕೆಳಗೆಲ್ಲೋ ಉರುಳಿ ಮಾಯ. ಅದಕ್ಕೇನಂತೆ! ಮೇಣ ಸವರಿದ ಕಪ್ಪು ದಾರದಲ್ಲಿ ಅಂಗಿಗೆ ಗುಂಡಿ ಹಾಕಿದಂತೆ ನಾಲ್ಕು ಮೂಲೆಗೂ ಹೊಲಿದೇಬಿಟ್ಟಿದ್ದ.

"ಜಗ್ಗಿ ನೋಡು ಮಗಳೇ, ಬಂದ್ರೆ ಕೇಳು!" ಎಂದು ಎದೆಯುಬ್ಬಿಸಿದ್ದ.

ಆ ಪೆಟ್ಟಿಗೆ ಮಾತ್ರ ಮೊದಲಿಂದಲೂ ಮುಂಗೋಪಿ. ಸ್ವಲ್ಪ ಕೆಲಸ ಕೊಟ್ಟರೆ ಸಾಕು, ಕಾದು, ಬುಸುಗುಟ್ಟಿ, ಆರಿಹೋಗುತ್ತಿತ್ತು. ಆಗೆಲ್ಲ ಅಪ್ಪ ಪಕ್ಕದ ತಗಡು ಬಿಚ್ಚಿ, ಜ್ವರ ಬಂದ ಮಗುವಿಗೆ ಬೀಸುವ ಹಾಗೆ ರಟ್ಟಿನಲ್ಲಿ ಗಾಳಿ ಹಾಕುತ್ತ ಕೂರುತ್ತಿದ್ದ. ಅಯ್ಯೋ, ಎಂಥ ಚೆಂದದ ದಿನಗಳವು!

ಅಪ್ಪ ತೀರಿಕೊಂಡ ಮೇಲೂ ಆ ಪೆಟ್ಟಿಗೆಯನ್ನು ಎಸೆಯಲು ಅವಳಿಗೆ ಮನಸ್ಸು ಬರಲಿಲ್ಲ. ಈಗ ಅದರೊಳಗೆ ಹೊಸ ಬೋರ್ಡು, ಹೊಸ ಪ್ರೊಸೆಸರ್ ಕೂರಿಸಿದ್ದಾಳೆ. ಆದರೂ ಅದೇ ಹಾಡು, ಕಾಯುವುದು, ಆರುವುದು. ಹಿಂದೆ ಕೈಯಿಟ್ಟು ನೋಡಿದಳು. ಬಿಸಿಗಾಳಿಯನ್ನು ಹೊರಗೆ ದೂಡಬೇಕಾದ ಫ್ಯಾನ್ ಹೊರಗಿನ ಗಾಳಿಯನ್ನೇ ಒಳಗೆ ಎಳೆಯುತ್ತಿತ್ತು! ಮುಂದಿನ ಫ್ಯಾನೂ ಒಳಗೆ, ಹಿಂದಿನದೂ ಒಳಗೆ. ಬಿಸಿ ಪಾಪ ಹೋಗುವುದಾದರೂ ಎಲ್ಲಿಗೆ?

ಅವಳಿಗೆ ಥಟ್ಟನೆ ಹೊಳೆಯಿತು, ನಗುವೂ ಬಂತು. ಫ್ಯಾನಿನ ಒಂದು ಮುಖ ನೀಟಾಗಿರುತ್ತದೆ. ಇನ್ನೊಂದರಲ್ಲಿ ಅಡ್ಡ ಕಡ್ಡಿ, ಚೀಟಿ, ತಂತಿ. ಫ್ಯಾನ್ ಗಾಳಿ ದೂಡುವುದು ಈ ಕಡ್ಡಿಯಿರುವ ಕಡೆಗೆ. ದರ್ಜಿಯ ಕಣ್ಣಿಗೆ ಅದು ಒಳಮುಖ! ಚೆಂದದ್ದು ಹೊರಗೆ ಕಾಣಬೇಕು ಅಂತ ಅಪ್ಪ ಹಾಗೆ ಹೊಲಿದಿದ್ದ.

ತಿರುಗಿಸಬೇಕೆಂದರೆ ದಾರ ಕತ್ತರಿಸಬೇಕು. ಅಪ್ಪ ಹೊಲಿದುಕೊಟ್ಟ ಬಟ್ಟೆಯೆಲ್ಲ ಎಂದೋ ಹರಿದುಹೋಗಿತ್ತು. ಅವನ ಕೈಯ ಹೊಲಿಗೆ ಅಂತ ಮನೆಯಲ್ಲಿ ಉಳಿದದ್ದು ಇದೊಂದೇ. ಕತ್ತರಿ ಹಿಡಿದ ಕೈ ಮುಂದೆ ಹೋಗಲಿಲ್ಲ. ಬಾಗಿಲಲ್ಲಿ ನಿಂತಿದ್ದ ಅಮ್ಮನಿಗೆ ಎಲ್ಲ ಹೇಳಿದಳು.

"ಉಲ್ಟಾ ಹೊಲಿದಿದ್ದು ಗೊತ್ತಾದ್ರೆ ನಿಮ್ಮಪ್ಪ ತಟ್ಟೆ ಮುಂದಿಂದ ಎದ್ದು ಹೋಗಿ ಬಿಚ್ತಿದ್ರು. ನೀನು ಗೊತ್ತಾಗಿಯೂ ಹಾಗೇ ಬಿಟ್ಟಿದ್ರೆ ಸುಮ್ನಿರ್ತಿದ್ರಾ? ಕೊಡಿಲ್ಲಿ!"

ಅಮ್ಮ ಕತ್ತರಿ ಕಸಿದುಕೊಂಡು ತಾನೇ ದಾರ ಕತ್ತರಿಸಿದಳು. ತುಂಡುಗಳನ್ನು ಒಂದೂ ಬಿಡದೆ ಆರಿಸಿ ಮುಷ್ಟಿಯಲ್ಲಿ ಮುಚ್ಚಿಟ್ಟುಕೊಂಡಳು. ಆಮೇಲೆ ಮಗಳು ಫ್ಯಾನ್ ತಿರುಗಿಸಿ ಹಿಡಿದಳು. ಅಮ್ಮ ಹೊಸ ದಾರಕ್ಕೆ ಮೇಣ ಸವರಿ ಹೊಲಿದಳು. ಗಂಟು ಮಾತ್ರ ಗಂಡ ಹಾಕುತ್ತಿದ್ದ ಅದೇ ಗಂಟು.

ಎಷ್ಟು ಕೆಲಸ ಕೊಟ್ಟರೂ ಕಂಪ್ಯೂಟರ್ ಆರಲಿಲ್ಲ. ಅಮ್ಮ ಹಿಂದೆ ಅಂಗೈ ಒಡ್ಡಿದಳು. ಬೆಚ್ಚಗಿನ ಗಾಳಿ ಬರುತ್ತಿತ್ತು. ಬಹಳ ಹೊತ್ತು ಕೈ ತೆಗೆಯಲೇ ಇಲ್ಲ.

"ಒಳಮುಖಾನೂ ಚೆನ್ನಾಗೇ ಕಾಣುತ್ತೆ ಕಣೇ," ಎಂದಳು. "ಅವರಿಗೆ ತೋರಿಸ್ಬೇಕಿತ್ತು."