ಮುಚ್ಚಿಸಿದ ಕಿಟಕಿ

ಹಳ್ಳಿಯೆಲ್ಲ ಅಕ್ಕ ಎಂದೇ ಕರೆಯುವ ಆಕೆ ತನ್ನ ಹಳೇ ಮನೆಗೆ ಹೊಸ ಬುದ್ಧಿ ಕಲಿಸಲು ಹೊರಟಿದ್ದಳು. ಸೂರಿನ ಮೇಲೆ ಸೋಲಾರ್ ಕೂತಿತು, ಮಳೆನೀರು ತೊಟ್ಟಿಗಿಳಿಯಿತು. ಒಳಗಿನ ಸೆಖೆ ಮಾತ್ರ ಜಪ್ಪಯ್ಯ ಅಂದರೂ ಹೋಗಲಿಲ್ಲ. ಇಂಜಿನಿಯರ್ ಆಗಿದ್ದ ಮಗಳು ಗೋಡೆ ತಟ್ಟಿ ನೋಡಿ ಹೇಳಿಬಿಟ್ಟಳು: "ಅಮ್ಮಾ, ಈ ಮುಚ್ಚಿಸಿರೋ ಕಿಟಕಿ ತೆಗೆಸು. ಗಾಳಿ ಆಡಿದ್ರೆ ಫ್ಯಾನೇ ಬೇಡ."

ಅಕ್ಕ ಮುಖ ಗಂಟಿಕ್ಕಿದಳು. ಆ ಕಿಟಕಿಯಾಚೆ ಇದ್ದದ್ದು ತಂಗಿಯ ಅಂಗಳ. ಇಪ್ಪತ್ತು ವರ್ಷದ ಹಿಂದೆ, ಅಮ್ಮನ ಹೊಲಿಗೆ ಯಂತ್ರ ಯಾರಿಗೆ ಎಂಬ ಜಗಳದಲ್ಲಿ, "ಇನ್ನು ಅವಳ ಮುಖ ನೋಡಲ್ಲ" ಎಂದು ಅಲ್ಲಿ ಇಟ್ಟಿಗೆ ಕಟ್ಟಿಸಿದ್ದಳು. ಯಂತ್ರಕ್ಕೆ ತುಕ್ಕು ಹಿಡಿದರೂ ಹಟಕ್ಕೆ ಹಿಡಿದಿರಲಿಲ್ಲ.

ಕೊನೆಗೆ ಸೆಖೆಯೇ ಹಟವನ್ನು ಗೆದ್ದಿತು. ಅಂದು ಕಟ್ಟಿದ ಮೇಸ್ತ್ರಿಯೇ ಒಡೆಯಲು ಬಂದ. ಎರಡು ದಿನ ಧೂಳು ತಿನ್ನಬೇಕಲ್ಲ ಎಂದು ಅಕ್ಕ ಸಾಮಾನಿಗೆಲ್ಲ ಬಟ್ಟೆ ಹೊದಿಸಿದ್ದಳು. ಮೇಸ್ತ್ರಿ ಸುತ್ತಿಗೆ ಮುಟ್ಟಲೇ ಇಲ್ಲ. ಮೇಲಿನ ಸುಣ್ಣದ ಗಾರೆ ಕೆರೆದು, ಕರಣೆಯ ತುದಿಯಿಂದ ಇಟ್ಟಿಗೆಗಳನ್ನು ಒಂದೊಂದಾಗಿ ಬಿಡಿಸತೊಡಗಿದ.

"ಏನಯ್ಯಾ ಇದು? ಸಿಮೆಂಟೇ ಹಾಕಿಲ್ವಲ್ಲ!"

"ಬರೀ ಮಣ್ಣಲ್ಲಿ ಕಟ್ಟಿದ್ದೆ ಕಣಕ್ಕಾ. ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಅಂತಾರೆ. ಅಕ್ಕತಂಗೀರದ್ದು ಜಾಸ್ತಿ ಅಂದ್ರೆ ಒಂದು ತಿಂಗಳು ಅಂದ್ಕೊಂಡೆ. ಅಷ್ಟಕ್ಕೆ ಸಿಮೆಂಟ್ ಯಾಕೆ ದಂಡ?"

ಅಕ್ಕ ಸೆರಗು ಸಿಕ್ಕಿಸಿ, ಬಿಡಿಸಿದ ಇಟ್ಟಿಗೆಗಳನ್ನು ತಾನೇ ಪಕ್ಕಕ್ಕೆ ಜೋಡಿಸತೊಡಗಿದಳು.

ಕೊನೆಯ ಇಟ್ಟಿಗೆ ಕಳಚಿದಾಗ ತಣ್ಣನೆ ಗಾಳಿ ಒಳನುಗ್ಗಿತು. ಆಚೆ ಬಟ್ಟೆ ಒಣಹಾಕುತ್ತಿದ್ದ ತಂಗಿ ತಿರುಗಿ ನೋಡಿದಳು. ಅವಳ ತಲೆ ಪೂರಾ ನರೆತಿತ್ತು. ಒದ್ದೆ ಹೊದಿಕೆ ಕೈಯಲ್ಲೇ ಉಳಿಯಿತು.

"ಇಷ್ಟು ವರ್ಷ ಆ ಸೆಖೇಲಿ ಹೇಗಿದ್ಯೇ ಅಕ್ಕಾ?" ಎಂದಳು.