ಗಿಣ್ಣುಹಾಲಿನ ಕಾವಲುಗಾರ

ಮೆಕ್ಯಾನಿಕ್ಕನ ಮನೆಯ ಫ್ರಿಡ್ಜಿನ ಕುಲಗೋತ್ರ ಹೇಳುವುದು ಕಷ್ಟ. ಬಾಗಿಲು ಒಂದು ಕಂಪನಿಯದು, ಮೈ ಇನ್ನೊಂದರದು, ಕಂಪ್ರೆಸರ್ ಯಾವುದೋ ಹೋಟೆಲಿನವರು ಬೇಡವೆಂದು ಬಿಟ್ಟುಹೋದದ್ದು. ಊರಿನ ಅರ್ಧ ಫ್ರಿಡ್ಜುಗಳು ಅವನ ಕೈಗುಣದಿಂದಲೇ ಜೀವ ಹಿಡಿದುಕೊಂಡಿದ್ದವು. ಅಂಥವನು ಅಂಗಡಿಗೆ ಹೋಗಿ ಹೊಸದೊಂದನ್ನು ಕೊಂಡು ತಂದರೆ ಮಾನ ಉಳಿಯುವುದುಂಟೇ ಎಂದು ಅವನ ವಾದ. ಆ ಕಲಬೆರಕೆ ಫ್ರಿಡ್ಜಿನ ತಲೆಯ ಮೇಲೆ ಈಗ ದೊಡ್ಡದೊಂದು ಜವಾಬ್ದಾರಿ ಬಂದು ಕೂತಿತು.

ಅವನ ಹೆಂಡತಿ ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುವವಳು. ಊರಿಗೆಲ್ಲ ಮೇಡಂ. ಕಲಿಸುವವರ ಕಾಲ ಬಳಿಯೂ ಒಂದು ಬ್ರೇಕ್ ಇರುತ್ತದಲ್ಲ, ಅದರ ಮೇಲೆ ಕಾಲಿಟ್ಟು ಕೂತು ಕೂತು, ಯಾರು ಏನು ಮಾಡುತ್ತಿದ್ದರೂ ತಡೆದು ನಿಲ್ಲಿಸುವುದು ಆಕೆಗೆ ಅಭ್ಯಾಸವಾಗಿಹೋಗಿತ್ತು. ಬಸುರಿನಲ್ಲಿ ಸಕ್ಕರೆ ಕಾಯಿಲೆ ಕಾಣಿಸಿಕೊಂಡಾಗ ಮಾತ್ರ ಯಾವ ಬ್ರೇಕೂ ಹಿಡಿಯಲಿಲ್ಲ. ಬೆರಳು ಚುಚ್ಚಿ ನೋಡಿಕೊಳ್ಳುವುದು, ಅಳೆದು ಉಣ್ಣುವುದು, ಉಂಡ ಮೇಲೆ ನಡೆಯುವುದು, ಎಲ್ಲವನ್ನೂ ಚಾಚೂ ತಪ್ಪದೆ ಮಾಡಿದಳು. ಆಮೇಲೆ ಒಂದು ದಿನ ಹೆರಿಗೆ ವಾರ್ಡಿನ ನರ್ಸಮ್ಮ ಗಂಡ ಹೆಂಡತಿ ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡರು.

"ಮಗುಗೆ ಒಳಗೆ ಸಕ್ಕರೆ ಜಾಸ್ತಿ ಸಿಕ್ಕಿ ಅಭ್ಯಾಸ ಆಗಿರತ್ತೆ. ಅದನ್ನ ಖರ್ಚು ಮಾಡೋಕೆ ಅದರ ಮೈ ಜೋರಾಗಿ ಕೆಲಸ ಮಾಡ್ತಾ ಇರತ್ತೆ. ಹುಟ್ಟಿದ ಮೇಲೆ ಅಮ್ಮನ ಸಕ್ಕರೆ ಬರೋದು ನಿಲ್ಲತ್ತೆ, ಅದರ ಮೈ ಮಾತ್ರ ಕೆಲಸ ನಿಲ್ಲಿಸಲ್ಲ. ಆಗ ಸಕ್ಕರೆ ತೀರಾ ಇಳಿದುಬಿಡಬಹುದು."

"ಕಂಪ್ರೆಸರ್ ಕಟ್ ಆಫ್ ಆಗಲ್ಲ," ಎಂದ ಮೆಕ್ಯಾನಿಕ್. ಈ ಬಸುರಿನ ವಿಷಯದಲ್ಲಿ ಅವನಿಗೆ ಪೂರ್ತಿ ಅರ್ಥವಾದ ಮೊದಲ ಮಾತು ಅದು.

ನರ್ಸಮ್ಮ ಅವನನ್ನು ಕನ್ನಡಕದ ಮೇಲಿಂದ ನೋಡಿ, ಹಾಗೇ ಅಂದುಕೊಳ್ಳಿ ಎಂದರು. ಅಂಥ ಮಗುವಿಗೆ ಹುಟ್ಟಿದ ಕೂಡಲೇ ತಾಯಿಯ ಗಿಣ್ಣುಹಾಲು ಬೇಕು. ಆ ಹೊತ್ತಿಗೆ ಹಾಲು ಸರಿಯಾಗಿ ಬರದಿರಬಹುದು, ತಾಯಿ ಆಪರೇಷನ್ ಕೋಣೆಯಲ್ಲೇ ಇರಬಹುದು. ಅದಕ್ಕೇ ಡಾಕ್ಟರು ಒಪ್ಪಿದವರು ಕೊನೆಯ ವಾರಗಳಲ್ಲಿ ಕೈಯಿಂದಲೇ ಹನಿ ಹನಿಯಾಗಿ ಹಿಂಡಿ, ಸೂಜಿಯಿಲ್ಲದ ಪುಟ್ಟ ಸಿರಿಂಜಿಗೆ ಎಳೆದು, ಫ್ರೀಜರಿನಲ್ಲಿ ಇಟ್ಟುಕೊಳ್ಳಬಹುದು. ಈಕೆಗೆ ಡಾಕ್ಟರು ಒಪ್ಪಿದ್ದಾರೆ.

"ಒಂದ್ಸಲ ಕರಗಿದ್ರೆ ಮತ್ತೆ ಗಟ್ಟಿ ಮಾಡಬಾರದು. ಒಂದು ದಿನದೊಳಗೆ ಕೊಡಬೇಕು, ಇಲ್ಲಾಂದ್ರೆ ಚೆಲ್ಲಬೇಕು. ನೆನಪಿರ್ಲಿ."

ಫ್ರೀಜರ್ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಮೆಕ್ಯಾನಿಕ್ ಕುರ್ಚಿಯಲ್ಲಿ ನೆಟ್ಟಗಾಗಿದ್ದ. ಇಷ್ಟು ತಿಂಗಳು ಚೀಲ ಹಿಡಿದುಕೊಂಡು ಹೆಂಡತಿಯ ಹಿಂದೆ ಓಡಾಡಿದ್ದೇ ಅವನ ಘನಕಾರ್ಯ. ಮಗುವಿಗಾಗಿ ತಾನೂ ಮಾಡಬಹುದಾದ ಕೆಲಸವೊಂದು ಕೊನೆಗೂ ಸಿಕ್ಕಿತು, ಅದೂ ತನ್ನ ಕಸುಬಿನದೇ.

ಮಾರನೆಯ ದಿನವೇ ಮನೆಯಲ್ಲಿ ಫ್ರೀಜರ್ ಕಾಯಿದೆ ಜಾರಿಗೆ ಬಂತು. ಅವನ ತಾಯಿ ಇಟ್ಟಿದ್ದ ಬಟಾಣಿ ಪೊಟ್ಟಣ ಗಡೀಪಾರಾಯಿತು. ಐಸ್ ಟ್ರೇ ಅದರ ಹಿಂದೆಯೇ ಹೊರಟಿತು. ಫ್ರೀಜರಿನ ಬಾಗಿಲಿಗೆ ಅಡ್ಡಡ್ಡಲಾಗಿ ಕರಿ ಟೇಪು ಬಿತ್ತು.

"ಅಮ್ಮ, ಇದನ್ನ ಮುಟ್ಟಬೇಡ. ಆಕಾಶ ಕಳಚಿ ಬಿದ್ರೂ ಮುಟ್ಟಬೇಡ."

"ನಾನ್ಯಾಕೋ ಮುಟ್ಟಲಿ," ಎಂದರು ತಾಯಿ. ಅವರಿಗೆ ಈ ವ್ಯವಹಾರವೇ ಸರಿಬಿದ್ದಿರಲಿಲ್ಲ. "ಮಗು ಹುಟ್ಟೋಕೆ ಮುಂಚೆನೇ ಅದರ ಹಾಲು ತೆಗೆದಿಟ್ರೆ ಅದಕ್ಕೇನಮ್ಮ ಉಳಿಯತ್ತೆ?"

"ತೆಗೆದಷ್ಟೂ ಬರತ್ತಂತೆ ಅತ್ತೆ," ಎಂದಳು ಸೊಸೆ.

"ಬರ್ಲಿ ಬಿಡು. ನಮ್ಮ ಕಾಲದಲ್ಲಿ ಹಾಲು ಇರೋ ಕಡೆನೇ ಇರ್ತಿತ್ತು."

ಬೆಳಿಗ್ಗೆ ಸಂಜೆ ಮೇಡಂ ಕೋಣೆ ಸೇರಿ ಬಾಗಿಲು ಹಾಕಿಕೊಳ್ಳುವಳು. ಎಷ್ಟೋ ಹೊತ್ತಿನ ಮೇಲೆ ಹೊರಬರುವಾಗ ಕೈಯಲ್ಲೊಂದು ಸಿರಿಂಜು, ಅದರೊಳಗೆ ಹಳದಿ ಬಣ್ಣದ, ಅಂಟಂಟಾದ ಒಂದಿಷ್ಟು ಹಾಲು. ಮೆಕ್ಯಾನಿಕ್ ಅದನ್ನು ಎರಡೂ ಕೈಯಲ್ಲಿ ಇಸಿದುಕೊಂಡು, ತಾರೀಖು ಅಂಟಿಸಿ, ಡಬ್ಬಿಯಲ್ಲಿ ಮಲಗಿಸಿ, ಟೇಪು ಹಚ್ಚುವನು. ಒಳಗೇನು ನಡೆಯುತ್ತದೆಂದು ಅವನು ಕೇಳಲಿಲ್ಲ, ಆಕೆ ಹೇಳಲಿಲ್ಲ. ಒಮ್ಮೆ ಮಾತ್ರ ಬಾಯಿ ತಪ್ಪಿ, "ಇವತ್ತು ಇಷ್ಟೇನಾ?" ಎಂದುಬಿಟ್ಟ. ಆಕೆ ನೋಡಿದ ನೋಟಕ್ಕೆ ಆ ದಿನ ಊಟವನ್ನು ತಾನೇ ಬಡಿಸಿಕೊಂಡು ಉಂಡ.

ಹೀಗೆ ಡಬ್ಬಿ ಅರ್ಧ ತುಂಬಿತ್ತು. ಆ ಬೆಳಿಗ್ಗೆ ಹೊಸ ಸಿರಿಂಜನ್ನು ಒಳಗಿಡುವಾಗ ನೋಡುತ್ತಾನೆ, ಫ್ರೀಜರಿನ ಗೋಡೆಗೆಲ್ಲ ಬೆರಳು ದಪ್ಪ ಐಸ್ ಕಟ್ಟಿದೆ. ಹಳೇ ಫ್ರಿಡ್ಜುಗಳಲ್ಲಿ ಚಳಿ ಹೆಚ್ಚುಕಡಿಮೆ ಮಾಡುವ ತಿರುಗಣೆಯ ನಟ್ಟನಡುವೆ ಒಂದು ಗುಂಡಿ ಇರುತ್ತದೆ. ಅದನ್ನು ಒತ್ತಿದರೆ ಯಂತ್ರ ನಿಂತು, ಕಟ್ಟಿದ ಐಸೆಲ್ಲ ಕರಗಿ ಇಳಿಯುತ್ತದೆ. ಐಸ್ ಕಟ್ಟಲು ಬಿಡಬೇಡಿ ಎಂದು ಕಂಡವರಿಗೆಲ್ಲ ಬೈದು ಬೈದು, ಗುಂಡಿ ಒತ್ತಿ ಒತ್ತಿ, ಅವನ ಹೆಬ್ಬೆರಳು ತಲೆಯನ್ನು ಕೇಳುವುದನ್ನೇ ಬಿಟ್ಟಿತ್ತು. ಒತ್ತಿದ, ಬಾಗಿಲು ಹಾಕಿದ, ಟೇಪು ಹಚ್ಚಿದ, ಒಳ್ಳೆಯ ಕೆಲಸ ಮಾಡಿದ ಸಮಾಧಾನದಲ್ಲಿ ಸಿಳ್ಳೆ ಹಾಕುತ್ತ ಅಂಗಡಿಗೆ ಹೊರಟುಹೋದ.

ಮಧ್ಯಾಹ್ನ ಊಟಕ್ಕೆ ಬಂದರೆ ತಾಯಿ ಫ್ರಿಡ್ಜಿನ ಮುಂದೆ ಕುಕ್ಕರುಗಾಲಲ್ಲಿ ಕೂತು ನೆಲ ಒರೆಸುತ್ತಿದ್ದಾರೆ.

"ಬೆಳಿಗ್ಗೆಯಿಂದ ನೀರು ಸುರೀತಾನೇ ಇದೆ ಕಣೋ. ಪಾತ್ರೆ ಇಟ್ಟು ಇಟ್ಟು ಚೆಲ್ತಾ ಇದೀನಿ."

"ಬಾಗಿಲು ತೆಗೆದು ನೋಡಬಾರದಾ ಅಮ್ಮ? ನಂಗೊಂದು ಫೋನಾದ್ರೂ ಮಾಡಬಾರದಾ?"

"ಆಕಾಶ ಕಳಚಿ ಬಿದ್ರೂ ಮುಟ್ಟಬೇಡ ಅಂದಿದ್ದೆ. ಇಲ್ಲಿ ಬಿದ್ದಿದ್ದು ಬರೀ ನೀರು."

ಟೇಪು ಕಿತ್ತು ಡಬ್ಬಿ ತೆಗೆದ. ಸಿರಿಂಜೊಂದನ್ನು ವಾಲಿಸಿದರೆ ಒಳಗಿನ ಹಾಲು ಸರಕ್ಕನೆ ಆಚೆ ತುದಿಗೆ ಜಾರಿತು. ಒಂದೊಂದಾಗಿ ಎಲ್ಲವನ್ನೂ ವಾಲಿಸಿ ನೋಡಿದ, ಎಲ್ಲವೂ ಜಾರಿದವು.

ತಾಯಿ ಮಗನ ಮುಖ ನೋಡಿ, ಮನೆಯಲ್ಲಿ ಬೇರೆ ಯಾರೂ ಇಲ್ಲದಿದ್ದರೂ ದನಿ ತಗ್ಗಿಸಿದರು. "ಮತ್ತೆ ಗಟ್ಟಿ ಮಾಡಿಬಿಡು. ಅವಳಿಗ್ಯಾಕೆ ಹೇಳ್ತೀಯಾ. ನೋಡಿದ್ರೆ ಗೊತ್ತೇ ಆಗಲ್ಲ."

ನಿಜಕ್ಕೂ ಗೊತ್ತಾಗುತ್ತಿರಲಿಲ್ಲ. ತಟ್ಟೆಯ ಊಟ ತಣ್ಣಗಾಗುವಷ್ಟು ಹೊತ್ತು ಅವನು ಅದನ್ನೇ ಯೋಚಿಸಿದ. ಕರೆಂಟು ಹೋಗಿ ಕರಗಿದ ಐಸ್‌ಕ್ರೀಮನ್ನು ಮತ್ತೆ ಗಟ್ಟಿ ಮಾಡಿ ಮಾರುವ ಅಂಗಡಿಗಳನ್ನು ಅವನು ಕಂಡಿದ್ದ. ಅಂಥ ಕಡೆ ಪುಕ್ಕಟೆ ಕೊಟ್ಟರೂ ಒಂದು ಚಮಚ ಬಾಯಿಗಿಟ್ಟವನಲ್ಲ. ತಾನು ತಿನ್ನದ್ದನ್ನು ಇನ್ನೂ ಕಣ್ಣು ಬಿಡದ ಮಗುವಿಗೆ ತಿನ್ನಿಸುವುದಕ್ಕೆ ಅವನಿಂದಾಗಲಿಲ್ಲ. ಡಬ್ಬಿಯನ್ನು ಐಸ್ ನೀರಿನ ಪಾತ್ರೆಯಲ್ಲಿಟ್ಟು ಫ್ರಿಡ್ಜಿನ ಕೆಳಗಿನ ಅರೆಗೆ ಸೇರಿಸಿ, ಯಂತ್ರ ಚಾಲೂ ಮಾಡಿ, ಉಣ್ಣದೆಯೇ ಡ್ರೈವಿಂಗ್ ಸ್ಕೂಲಿನ ದಾರಿ ಹಿಡಿದ.

ಹೊಟ್ಟೆ ಸೀಟ್ ಬೆಲ್ಟಿಗೆ ಸಿಗದಷ್ಟಾದ ಮೇಲೆ ಮೇಡಂ ಕಾರು ಬಿಟ್ಟು, ಕೋಣೆಯಲ್ಲಿ ಕೂತು ರಸ್ತೆಯ ನಿಯಮ ಹೇಳಿಕೊಡುತ್ತಿದ್ದಳು. ಗೋಡೆಯ ಮೇಲಿನ ಸಂಕೇತಗಳನ್ನು ಕೋಲಿನಿಂದ ತೋರಿಸುತ್ತಿದ್ದವಳು ಬಾಗಿಲಲ್ಲಿ ಗಂಡನನ್ನು ಕಂಡಳು.

"ಏನ್ರೀ, ಈ ಹೊತ್ತಲ್ಲಿ?"

"ಕರಗೋಯ್ತು."

"ಏನು?"

"ಎಲ್ಲಾ."

ಕೋಲು ಗೋಡೆಯ ಮೇಲೇ ನಿಂತಿತು. "ಅತ್ತೆ ತೆಗೆದ್ರಾ?"

ಅಮ್ಮನ ತಲೆಗೆ ಕಟ್ಟಲು ಇದಕ್ಕಿಂತ ಒಳ್ಳೆಯ ಅವಕಾಶ ಸಿಗುವಂತಿರಲಿಲ್ಲ. "ನಾನೇ," ಎಂದ. "ಐಸ್ ಕಟ್ಟಿತ್ತು. ಗುಂಡಿ ಒತ್ತಿಬಿಟ್ಟೆ."

ಕಲಿಯಲು ಬಂದಿದ್ದವರಲ್ಲಿ ಹಿಂದಿನ ಸಾಲಿನ ಯಜಮಾನರೊಬ್ಬರು ಪಾಪ ಎಂದರು. ಯಾರು ಪಾಪ ಎಂದು ಬಿಡಿಸಿ ಹೇಳಲಿಲ್ಲ.

ಬೈದಿದ್ದರೆ ಚೆನ್ನಾಗಿತ್ತು. ಬೈಯುವುದರಲ್ಲಿ ಎತ್ತಿದ ಕೈಯಾದ ಆಕೆ ಕೋಲು ಕೆಳಗಿಟ್ಟು, ಕುರ್ಚಿ ಎಳೆದು ಕೂತು, ಎಲ್ಲರೆದುರೇ ಅತ್ತುಬಿಟ್ಟಳು. "ಒಂದೊಂದು ಹನಿಗೂ ನಾನು ಪಟ್ಟ ಪಾಡು ನಿಮಗೇನ್ ಗೊತ್ತು," ಎಂದಳು. ಅವನಿಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು.

ಅತ್ತು ಮುಗಿಸಿದವಳು ಮೂಗು ಒರೆಸಿಕೊಂಡು ಲೆಕ್ಕ ಹಾಕಿದಳು. "ನಾಳೆವರೆಗೂ ಟೈಮ್ ಇದೆ. ಅಷ್ಟರೊಳಗೆ ಹುಟ್ಟಿಬಿಟ್ರೆ ಆಯ್ತಲ್ಲ."

ಮೆಟ್ಟಿಲು ಹತ್ತಿ ಇಳಿದರೆ ಹೆರಿಗೆ ಬೇಗ ಆಗುತ್ತದೆಂದು ಅತ್ತೆ ಅಪ್ಪಣೆ ಕೊಡಿಸಿದರು. ಆ ಸಂಜೆ ಕಟ್ಟಡದವರೆಲ್ಲ ಒಂದು ಮೆರವಣಿಗೆ ನೋಡಿದರು. ಮುಂದೆ ಕಂಬಿ ಹಿಡಿದುಕೊಂಡು ಮೇಡಂ, ಹಿಂದೆ ಬಿದ್ದರೆ ಹಿಡಿಯಲು ಕೈ ಚಾಚಿಕೊಂಡು ಮೆಕ್ಯಾನಿಕ್, ಕೆಳಗಿನ ಮೆಟ್ಟಿಲಲ್ಲಿ ಕೂತು ಹೊಟ್ಟೆಯೊಂದಿಗೆ ನೇರವಾಗಿ ಮಾತಾಡುವ ಅಜ್ಜಿ. "ಬಾ ಕಂದ, ಊಟ ರೆಡಿ ಇದೆ. ಹಾಳಾಗೋಗತ್ತೆ." ಮಗು ಜಪ್ಪಯ್ಯ ಎಂದರೂ ಜಗ್ಗಲಿಲ್ಲ.

ಮರುದಿನ ಮೇಡಂ ತಾನೇ ಸಿಂಕಿನ ಮುಂದೆ ನಿಂತು ಒಂದೊಂದೇ ಸಿರಿಂಜನ್ನು ಖಾಲಿ ಮಾಡಿದಳು. ಮೊದಲಿನಿಂದ ಬೇಡ ಬೇಡ ಎನ್ನುತ್ತಿದ್ದ ಅತ್ತೆಯೇ ಸೆರಗಿನಿಂದ ಕಣ್ಣೊರೆಸಿಕೊಂಡರು.

ಸಂಜೆ ಕೋಣೆಯ ಬಾಗಿಲು ತೆರೆಯಿತು. "ಒಳಗೆ ಬನ್ನಿ. ಇನ್ನು ಸಿರಿಂಜು ನೀವೇ ಹಿಡೀಬೇಕು."

ಒಳಗೇನು ನಡೆಯುತ್ತದೆಂದು ಅವನು ಆಗ ಕಣ್ಣಾರೆ ಕಂಡ. ಒತ್ತಬೇಕು, ಬಿಡಬೇಕು, ಮತ್ತೆ ಒತ್ತಬೇಕು. ಎಷ್ಟು ಹೊತ್ತಾದರೂ ಏನೂ ಇಲ್ಲ. ಆಕೆಯ ಬೆರಳ ತುದಿಗಳು ಚುಚ್ಚಿ ಚುಚ್ಚಿ ಒರಟಾಗಿದ್ದವು. ಕೊನೆಗೆ ಹಳದಿ ಚುಕ್ಕೆಯೊಂದು ಮೂಡಿತು, ಅದು ಜಾರುವ ಮೊದಲು ಸಿರಿಂಜಿನ ಮೂತಿ ಅಲ್ಲಿರಬೇಕು.

"ಆತುರ ಬೇಡ. ಹತ್ರ ತನ್ನಿ. ಈಗ ಎಳೀರಿ. ನಿಧಾನ, ನಿಧಾನ."

ಅವನು ಬೆವತುಹೋದ. ಇಷ್ಟೆಲ್ಲ ಆಗಿ ಸಿರಿಂಜಿನ ತಳ ಒದ್ದೆಯಾಗಿತ್ತು, ಅಷ್ಟೇ. ಇಷ್ಟೇನಾ ಎಂದು ಕೇಳಿದ್ದು ನೆನಪಾಗಿ ಅವನಿಗೆ ತನ್ನ ಮೇಲೇ ಅಸಹ್ಯವಾಯಿತು.

"ತಪ್ಪಾಯ್ತು ಕಣೇ," ಎಂದ.

"ಮಾತಾಡಬೇಡಿ, ಕೈ ಅಲ್ಲಾಡತ್ತೆ."

ಹೆಚ್ಚು ದಿನ ಸಿಗಲಿಲ್ಲ. ಸಕ್ಕರೆ ಏರತೊಡಗಿ ಡಾಕ್ಟರು ಬೇಗನೆ ಆಪರೇಷನ್ ಮಾಡುವುದೆಂದು ದಿನ ಗೊತ್ತುಮಾಡಿದರು. ಐಸ್ ಡಬ್ಬಿಯಲ್ಲಿ ಮೂರೇ ಸಿರಿಂಜು. ಅದನ್ನು ತಬ್ಬಿಕೊಂಡೇ ಅವನು ಆಸ್ಪತ್ರೆಗೆ ಹೋದ.

ಹೆಣ್ಣು ಮಗು ಹುಟ್ಟಿತು. ತಾಯಿಗೆ ಒಳಗೆ ಇನ್ನೂ ಹೊಲಿಗೆ ಹಾಕುತ್ತಿರುವಾಗಲೇ ನರ್ಸಮ್ಮ ಮಗುವಿನ ಹಿಮ್ಮಡಿ ಚುಚ್ಚಿ ನೋಡಿ ಹುಬ್ಬು ಗಂಟಿಕ್ಕಿದರು. "ಇಳೀತಾ ಇದೆ. ಹಾಲು ತಂದಿದ್ದೀರಲ್ಲ? ಇದಕ್ಕೆ ಬಗ್ಗದಿದ್ರೆ ಮೇಲಿನ ವಾರ್ಡಿಗೆ ಕಳಿಸಿ ಡ್ರಿಪ್ ಹಾಕಬೇಕಾಗತ್ತೆ."

ಬೆಚ್ಚನೆ ನೀರಿನ ಲೋಟದಲ್ಲಿಟ್ಟು ಹಾಲು ಕರಗಿಸಿದರು. ಕೆನ್ನೆಯ ಒಳಗಡೆ ಒಂದು ಹನಿ, ಮಗು ನುಂಗುವ ತನಕ ಕಾಯಬೇಕು, ಆಮೇಲೆ ಇನ್ನೊಂದು ಹನಿ. ಮೆಕ್ಯಾನಿಕ್ ಉಸಿರು ಬಿಗಿಹಿಡಿದು ಕುಡಿಸಿದ. ಒಂದು ಸಿರಿಂಜು ಮುಗಿಯಿತು. ಎರಡನೆಯದೂ ಮುಗಿಯಿತು. ಕಾದು ಮತ್ತೆ ಚುಚ್ಚಿ ನೋಡಿದರೆ ಸ್ವಲ್ಪ ಏರಿತ್ತು, ಸಾಕಾಗುವಷ್ಟಲ್ಲ.

"ಇನ್ನೂ ಇದೆಯಾ?"

"ಇದೊಂದೇ," ಎಂದ. ಸಿಂಕಿಗೆ ಸುರಿದ ಸಿರಿಂಜುಗಳನ್ನೆಲ್ಲ ಮನಸ್ಸಿನಲ್ಲೇ ಎಣಿಸಿದ.

ಮೂರನೆಯದನ್ನು ಅವನು ಎಷ್ಟು ನಿಧಾನವಾಗಿ ಕುಡಿಸಿದನೆಂದರೆ ಮಗುವಿಗೇ ತಾಳ್ಮೆ ಕೆಟ್ಟು ಕಿರುಚಿತು. ಕೊನೆಯ ಹನಿಯನ್ನೂ ಬಿಡದೆ ನುಂಗಿತು. ಮತ್ತೆ ಹಿಮ್ಮಡಿ ಚುಚ್ಚಿದ ನರ್ಸಮ್ಮ ಸಕ್ಕರೆ ಅಳೆಯುವ ಯಂತ್ರವನ್ನು ಬೆಳಕಿಗೆ ಹಿಡಿದರು. "ಸಾಕು. ಎಲ್ಲೂ ಹೋಗೋದು ಬೇಡ, ಅಮ್ಮನ ಹತ್ರಾನೇ ಇರ್ಲಿ." ಮೆಕ್ಯಾನಿಕ್ ಗೋಡೆ ಹಿಡಿದು ನಿಂತುಕೊಂಡು ಸದ್ದಿಲ್ಲದೆ ಅತ್ತ.

ಮೇಡಂ ಹೊರಗೆ ಬಂದ ಮೇಲೆ ಮಗುವನ್ನು ಅವಳ ಎದೆಯ ಮೇಲೆ ಮಲಗಿಸಿದರು. ಮಗು ಎದೆಯನ್ನು ಬಿಟ್ಟು ಪಕ್ಕದಲ್ಲಿದ್ದ ಅಪ್ಪನ ಕೈಯ ಕಡೆಗೆ ತಿರುಗಿ ಬಾಯಿ ತೆರೆಯಿತು. ಅವನು ಖಾಲಿ ಕೈಯನ್ನು ಏನು ಮಾಡುವುದೆಂದು ತಿಳಿಯದೆ ಹೆಂಡತಿಯ ಮುಖ ನೋಡಿದ.

"ಅವರ ಹತ್ರ ಏನೂ ಇಲ್ಲ ಮಗಳೇ," ಎಂದಳು ಆಕೆ, ಅರೆ ಮಂಪರಿನಲ್ಲೇ ಅವನ ಕೈ ಹಿಡಿದುಕೊಂಡು. "ಇದ್ದಿದ್ದನ್ನೆಲ್ಲ ನಿಂಗೇ ಕುಡಿಸಿದ್ದಾರೆ. ಈ ಕಡೆ ತಿರುಗು."

ಮಗು ತಿರುಗಿತು.